ಪರವೂರಿನ ಖೋಲಿಯಲ್ಲಿ ನಿತ್ಯಪೂಜೆ: ಹೊಸಬರಿಗೊಂದು ಪಾಠ

ನಮ್ಮ ವಾಚನಾಲಯಕ್ಕೆ ಬರುವ ತರುಣರು ಆಗಾಗ್ಗೆ ಕೇಳುವ ಪ್ರಶ್ನೆಯೊಂದಿದೆ: “ಊರಿನಲ್ಲಿ ಅಜ್ಜಿ ದೀಪ ಹಚ್ಚುತ್ತಿದ್ದರು, ಅಪ್ಪ ಪೂಜೆ ಮಾಡುತ್ತಿದ್ದರು. ನಾವು ಪ್ರಸಾದಕ್ಕೆ ಮಾತ್ರ ಕೈಯೊಡ್ಡಿದವರು. ಈಗ ನಾವೇ ಮಾಡಬೇಕೆನಿಸುತ್ತದೆ. ಎಲ್ಲಿಂದ ಆರಂಭಿಸೋಣ?”

ಪ್ರಶ್ನೆ ಸಣ್ಣದಲ್ಲ. ಊರಿನಲ್ಲಿ ದೇವರ ಕೋಣೆ, ತುಳಸಿಕಟ್ಟೆ, ಗುಡಿಯ ಗಂಟೆ ಇವೇ ನಮಗೆ ದಿನದ ಹೊತ್ತನ್ನು ತಿಳಿಸುತ್ತಿದ್ದವು. ಮುಂಬಯಿಯಂತಹ ಪಟ್ಟಣದಲ್ಲಿ ಆ ಕೆಲಸವನ್ನು ಲೋಕಲ್ ಗಾಡಿಯೂ ಕಾರಖಾನೆಯ ಪಾಳಿಯೂ ವಹಿಸಿಕೊಂಡಿವೆ. ಒಂದೇ ಖೋಲಿಯಲ್ಲಿ ಐದಾರು ಮಂದಿ; ನಲ್ಲಿಯ ನೀರಿಗೆ ಸರದಿ; ಮೊಳೆ ಹೊಡೆಯಬೇಕಾದರೂ ಮನೆಯ ಒಡೆಯನ ಅಪ್ಪಣೆ ಬೇಕು. ಇಂಥಲ್ಲಿ ಪೂಜೆ ಸಾಧ್ಯವೇ? ಸಾಧ್ಯ. ಆದರೆ ಊರಿನ ಪೂಜೆಯನ್ನು ಇದ್ದಂತೆಯೇ ಎತ್ತಿ ತಂದಿಡಲು ಹೊರಟರೆ ಅದು ವಾರದೊಳಗೆ ನಿಂತುಹೋಗುತ್ತದೆ. ಆದುದರಿಂದ ಯಾವುದು ಮುಖ್ಯ, ಯಾವುದನ್ನು ಸಂಕ್ಷೇಪಿಸಬಹುದು ಎಂಬುದನ್ನು ಮೊದಲು ತಿಳಿಯೋಣ.

1. ನಿತ್ಯವೆಂದರೇನು?

ನಮ್ಮ ಹಿರಿಯರು ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರಾಗಿ ವಿಂಗಡಿಸಿದರು. ಪ್ರತಿದಿನವೂ ಮಾಡತಕ್ಕದ್ದು ನಿತ್ಯ. ಗಣೇಶ ಚತುರ್ಥಿ, ಶ್ರಾದ್ಧ ಮುಂತಾಗಿ ಒಂದು ನಿಮಿತ್ತ ಒದಗಿದಾಗ ಮಾಡುವುದು ನೈಮಿತ್ತಿಕ. ನೌಕರಿ, ಬಡ್ತಿ, ಮದುವೆ ಇತ್ಯಾದಿ ಫಲವನ್ನು ಬಯಸಿ ಮಾಡುವುದು ಕಾಮ್ಯ.

ಪಟ್ಟಣದಲ್ಲಿ ಬಹುಮಂದಿ ಕಾಮ್ಯದಿಂದಲೇ ಆರಂಭಿಸುತ್ತಾರೆ. ಫಲ ದೊರೆತರೆ ಪೂಜೆ ಮುಗಿಯಿತು. ದೊರೆಯದಿದ್ದರೆ ಬೇಸರದಿಂದ ಮುಗಿಯಿತು. ಹೇಗೂ ನಿಲ್ಲತಕ್ಕದ್ದೇ. ನಿತ್ಯಕ್ಕೆ ಆ ಭಯವಿಲ್ಲ. ಸ್ನಾನ ಮಾಡಿದ್ದಕ್ಕೆ ಯಾರೂ ಕೂಲಿ ಕೇಳುವುದಿಲ್ಲವಷ್ಟೆ, ಇದೂ ಹಾಗೆಯೇ. ಹೊಸಬರು ಹರಕೆಗಳನ್ನು ಬದಿಗಿಟ್ಟು ನಿತ್ಯದಿಂದಲೇ ತೊಡಗುವುದು ಲೇಸು.

2. ಯಾವ ದೇವರು?

ಮನೆದೇವರು ಯಾರೆಂದು ಗೊತ್ತಿದ್ದರೆ ಯೋಚನೆಯೇ ಬೇಡ. ಗೊತ್ತಿಲ್ಲದಿದ್ದರೆ ಊರಿಗೆ ಫೋನು ಮಾಡಿ ತಾಯಿಯವರನ್ನೋ ಅಜ್ಜಿಯವರನ್ನೋ ಕೇಳಿರಿ. ಆ ಒಂದು ಪ್ರಶ್ನೆಯಿಂದ ಅವರಿಗೂ ಸಂತೋಷ, ನಿಮಗೂ ಮನೆಯ ಪದ್ಧತಿ ತಿಳಿದಂತಾಯಿತು. ಮನೆದೇವರು ತಿಳಿಯದಿದ್ದರೆ ಮನಸ್ಸಿಗೆ ಒಲಿದ ರೂಪವೇ ಇಷ್ಟದೇವತೆ. ಒಂದೇ ಪಟ ಸಾಕು. ಹತ್ತು ಪಟ ತೂಗುಹಾಕಿ ಒಂದಕ್ಕೂ ಹೂವಿಡಲಾರದೆ ಹೋಗುವುದಕ್ಕಿಂತ ಒಂದನ್ನು ಧೂಳಿಲ್ಲದಂತೆ ಇಟ್ಟುಕೊಳ್ಳುವುದು ಮೇಲು.

ಲಿಂಗಧಾರಿಗಳಾದ ಬಂಧುಗಳಿಗೆ ಪಟವೂ ಬೇಕಿಲ್ಲ. ಮೈಮೇಲಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವ ಅವರ ಕ್ರಮ ಖೋಲಿ ಎಷ್ಟೇ ಕಿರಿದಾಗಿದ್ದರೂ ನಡೆಯುತ್ತದೆ. ಉಪನಯನವಾದವರಿಗೆ ಸಂಧ್ಯಾವಂದನೆ ಮೊದಲು, ಪೂಜೆ ಅನಂತರ. ಹೊತ್ತು ಸಾಲದವರು ಅರ್ಘ್ಯ ಕೊಟ್ಟು ಗಾಯತ್ರಿಯನ್ನು 108ರ ಬದಲು 28 ಅಥವಾ 10 ಸಲ ಜಪಿಸುವ ರೂಢಿ ಉಂಟು.

“ನಮಗೆ ಅಧಿಕಾರವಿದೆಯೇ?” ಎಂದು ಹಿಂಜರಿಯುವವರೂ ಇದ್ದಾರೆ. ನಾಮಸ್ಮರಣೆಗೆ ಜಾತಿಯ ತಡೆಯಿಲ್ಲ, ಹೆಣ್ಣು ಗಂಡೆಂಬ ತಡೆಯೂ ಇಲ್ಲ. 12ನೆಯ ಶತಮಾನದ ಶರಣರೂ ಕನಕದಾಸರಂಥ ಹರಿದಾಸರೂ ಕನ್ನಡದಲ್ಲೇ ದೇವರೊಡನೆ ಮಾತನಾಡಿದರು. ಸಂಸ್ಕೃತ ಬಾರದೆಂದು ಯಾರೂ ಸಂಕೋಚಪಡಬೇಕಾಗಿಲ್ಲ.

3. ಐದು ಉಪಚಾರಗಳು

ಪೂರ್ಣ ಪೂಜೆಯಲ್ಲಿ ಆವಾಹನೆ, ಆಸನ ಮೊದಲಾಗಿ 16 ಉಪಚಾರಗಳಿವೆ. ಮನೆಗೆ ಬಂದ ಅತಿಥಿಗೆ ಕಾಲಿಗೆ ನೀರು ಕೊಟ್ಟು, ಕೂರಿಸಿ, ಉಣಬಡಿಸುವ ಮರ್ಯಾದೆಯೇ ಅಲ್ಲಿಯ ಕ್ರಮ. ಇದನ್ನೇ ಸಂಕ್ಷೇಪಿಸಿದರೆ ಐದಾಗುತ್ತದೆ; ಇದಕ್ಕೆ ಪಂಚೋಪಚಾರ ಪೂಜೆಯೆಂದು ಹೆಸರು.

ಗಂಧ: ಸಾಣೆಕಲ್ಲು ಇಲ್ಲದವರು ಗಂಧದ ಪುಡಿಯನ್ನು ನೀರಿನಲ್ಲಿ ಕಲಸಿ ಒಂದು ಬೊಟ್ಟು ಇಡಬಹುದು.
ಪುಷ್ಪ: ವಿಷ್ಣುವಿಗೆ ತುಳಸಿ, ಶಿವನಿಗೆ ಬಿಲ್ವ, ಗಣಪತಿಗೆ ಗರಿಕೆ ಎಂಬುದು ವಾಡಿಕೆ. ದಾದರ್ ಅಥವಾ ಮಾಟುಂಗದ ಹೂವಿನ ಪೇಟೆ ದಾರಿಯಲ್ಲೇ ಸಿಕ್ಕುವವರಿಗೆ ಇದು ಸುಲಭ. ಉಳಿದವರು ಕಿಟಕಿಯಲ್ಲಿ ತುಳಸಿಯ ಕುಂಡ ಇಟ್ಟುಕೊಂಡರೆ ದಿನಕ್ಕೊಂದು ದಳ ಸಿಕ್ಕೀತು.
ಧೂಪ: ಒಂದು ಊದುಬತ್ತಿ. ಹೊಗೆ ಸೇರದವರು ಪಕ್ಕದಲ್ಲಿದ್ದರೆ ಅದನ್ನೂ ಬಿಡಬಹುದು.
ದೀಪ: ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಅಥವಾ ತುಪ್ಪ, ಒಂದು ಬತ್ತಿ.
ನೈವೇದ್ಯ: ಬಾಳೆಹಣ್ಣು, ಹಾಲು, ಇಲ್ಲವೇ ಒಂದು ಚಿಟಿಕೆ ಸಕ್ಕರೆ.

ಇವೂ ಒದಗದ ದಿನ ಏನು ಮಾಡೋಣ? ಭಗವದ್ಗೀತೆಯ 9ನೆಯ ಅಧ್ಯಾಯದ 26ನೆಯ ಶ್ಲೋಕವೇ ಬಡವನ ಪರವಾಗಿ ನಿಂತಿದೆ. ಎಲೆಯಾಗಲಿ, ಹೂವಾಗಲಿ, ಹಣ್ಣಾಗಲಿ, ಬರಿಯ ನೀರಾಗಲಿ, ಭಕ್ತಿಯಿಂದ ಕೊಟ್ಟುದನ್ನು ಸ್ವೀಕರಿಸುವೆನೆಂದು ಅಲ್ಲಿ ಶ್ರೀಕೃಷ್ಣನ ಮಾತು. ತಿಂಗಳ ಕೊನೆಯಲ್ಲಿ ಸಾಲ ಮಾಡಿ ಹೂವು ತರುವ ಅಗತ್ಯವಿಲ್ಲ. ದೋಷವಿದೆ, ಶಾಂತಿ ಮಾಡಿಸಬೇಕು ಎಂದು ದೊಡ್ಡ ಮೊತ್ತ ಕೇಳುವವರ ಮಾತಿಗೆ ಮರುಳಾಗಿ ಊರಿಗೆ ಕಳಿಸಬೇಕಾದ ಹಣವನ್ನು ಒಪ್ಪಿಸಲೂ ಕೂಡದು.

4. ಸ್ಥಳ ಮತ್ತು ಹೊತ್ತು

ಒಂದು ಮೊಳದ ಗೋಡೆಹಲಗೆ ಸಾಕು. ಅದೂ ಇಲ್ಲದಿದ್ದರೆ ಟ್ರಂಕಿನ ಮೇಲೆ ಒಗೆದ ಬಟ್ಟೆ ಹಾಸಿ ಪಟವಿಡಿರಿ, ಮುಗಿದ ಮೇಲೆ ಒಳಗೆ ತೆಗೆದಿಡಿರಿ. ದೀಪದ ವಿಷಯದಲ್ಲಿ ಎಚ್ಚರ ಬೇಕು: ಒಲೆ, ಗ್ಯಾಸಿನ ಸಿಲಿಂಡರು, ಪರದೆ, ಒಣಹಾಕಿದ ಬಟ್ಟೆಗಳ ಹತ್ತಿರ ಹಚ್ಚಬೇಡಿರಿ. ಉರಿಯುವ ದೀಪವನ್ನು ಬಿಟ್ಟು ಬಾಗಿಲಿಗೆ ಬೀಗ ಹಾಕಲೇಬೇಡಿರಿ. ಹೊರಡುವ ಮುನ್ನ ಶಾಂತವಾಗಿ ಆರಿಸಿದರೆ ದೇವರು ಮುನಿಯುವುದಿಲ್ಲ. ಹತ್ತು ಸಂಸಾರದ ಚಾಳಿಗೆ ಬೆಂಕಿ ಬಿದ್ದರೆ ಆಗುವ ಅನಾಹುತ ಮಾತ್ರ ದೊಡ್ಡದು.

ಹೊತ್ತಿಗೆ ಪ್ರಾತಃಕಾಲ ಉತ್ತಮ. ಆದರೆ ರಾತ್ರಿಪಾಳಿಯವರು ಬೆಳಿಗ್ಗೆ ಬಂದು ಸ್ನಾನ ಮಾಡಿ, ಮಲಗುವ ಮುನ್ನ ಮಾಡಬಹುದು. ನಿತ್ಯವೂ ಒಂದೇ ಕೆಲಸದ ಬೆನ್ನಿಗೆ, ಅಂದರೆ ಸ್ನಾನವಾದೊಡನೆ ಮಾಡುವುದು ಗಡಿಯಾರ ನೋಡುವುದಕ್ಕಿಂತ ಹೆಚ್ಚು ಉಪಯುಕ್ತ. ಜೊತೆಗಾರ ಬೇರೆ ಮತದವನಾಗಿದ್ದರೆ, ಅಥವಾ ದಣಿದು ಮಲಗಿದ್ದರೆ, ಗಂಟೆ ಬಾರಿಸಬೇಡಿರಿ. ಒಬ್ಬನ ನಿದ್ರೆ ಕೆಡಿಸಿ ಪಡೆದ ಪುಣ್ಯ ಎಷ್ಟರದು?

5. ಜಪ ಮತ್ತು ಮಾನಸಪೂಜೆ

ಮನೆಯ ಪದ್ಧತಿಗೆ ಒಪ್ಪುವ ಒಂದು ಹೆಸರನ್ನು ಆರಿಸಿಕೊಳ್ಳಿರಿ: ಶಿವ ಎನ್ನಿರಿ, ರಾಮ ಎನ್ನಿರಿ, ಅಮ್ಮ ಎನ್ನಿರಿ. ಜಪಮಾಲೆಯಲ್ಲಿ 108 ಮಣಿಗಳಿರುತ್ತವೆ. ಒಂದು ನಾಮಕ್ಕೆ ಮೂರು ಸೆಕೆಂಡು ಹಿಡಿದರೂ ಒಂದು ಸುತ್ತಿಗೆ ಐದೂವರೆ ನಿಮಿಷ ಸಾಕು. ಮಾಲೆಯಿಲ್ಲದವರು ಬೆರಳಿನ ಗೆಣ್ಣುಗಳಲ್ಲಿ ಎಣಿಸಬಹುದು.

ಪೂಜಾಸಾಮಗ್ರಿಯನ್ನೆಲ್ಲ ಮನಸ್ಸಿನಲ್ಲೇ ಕಲ್ಪಿಸಿ ಅರ್ಪಿಸುವುದು ಮಾನಸಪೂಜೆ. ಶಂಕರಾಚಾರ್ಯರ ಹೆಸರಿನಲ್ಲಿರುವ ‘ಶಿವಮಾನಸಪೂಜೆ’ಯೆಂಬ ಕಿರುಸ್ತೋತ್ರ ಈ ಕ್ರಮದ್ದೇ. ಗಾಡಿಯ ನೂಕುನುಗ್ಗಲಿನಲ್ಲಿ ಕೈಯಾಡಿಸಲು ಎಡೆಯಿಲ್ಲದವನೂ ಇದನ್ನು ಮಾಡಬಲ್ಲನು.

ಪರವೂರಿನಲ್ಲಿದ್ದೇವೆಂದು ದೇವರೂ ದೂರವಾದನೆಂದು ತಿಳಿಯಬೇಡಿರಿ. ಪುರಂದರದಾಸರು ತಮ್ಮ ಹಾಡುಗಳ ಅಂಕಿತದಲ್ಲಿ ನೆನೆದ ವಿಠಲನ ಪಂಢರಪುರ ಇರುವುದು ಮಹಾರಾಷ್ಟ್ರದಲ್ಲಿ. ಅಲ್ಲಿ ಚಂದ್ರಭಾಗೆಯೆನಿಸಿದ ಭೀಮಾನದಿ ಮುಂದೆ ಕರ್ನಾಟಕಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಮುಂಬಯಿ, ಪುಣೆಯ ಕನ್ನಡಿಗರು ರಜೆಯಲ್ಲೊಮ್ಮೆ ಅಲ್ಲಿಗೆ ಹೋಗಿಬಂದರೆ ಈ ನಂಟು ತಾನಾಗಿ ಮನಗಾಣುವುದು.

6. ತಪ್ಪಿದ ದಿನ

ಜ್ವರ, ಪ್ರಯಾಣ, ಹೆಚ್ಚುವರಿ ಪಾಳಿ ಇವು ಯಾರನ್ನೂ ಬಿಟ್ಟಿಲ್ಲ. ಒಂದು ದಿನ ತಪ್ಪಿದರೆ ಹೆದರದೆ ಮರುದಿನ ಎಂದಿನಂತೆ ಮುಂದುವರಿಸಿರಿ; ತಪ್ಪಿದ್ದನ್ನು ತುಂಬಲು ಎರಡರಷ್ಟು ಮಾಡಬೇಕಾಗಿಲ್ಲ. ಒಂದು ದಿನದ ತಪ್ಪಿಗಿಂತ, “ಹೇಗೂ ತಪ್ಪಿತಲ್ಲ” ಎಂದು ಬಿಟ್ಟುಬಿಡುವುದೇ ಹೆಚ್ಚು ಕೇಡು. ಸೂತಕ ಮೊದಲಾದವುಗಳಲ್ಲಿ ಮನೆಯಿಂದ ಮನೆಗೆ ಪದ್ಧತಿ ಬೇರೆ. ಮನೆಯ ಹಿರಿಯರು ಹೇಳಿದಂತೆ ನಡೆಯಿರಿ.

ಈ ತಿಂಗಳ ಅಭ್ಯಾಸ

ಮೊದಲ ವಾರ: ಸ್ನಾನವಾದೊಡನೆ ಪಟದ ಮುಂದೆ ಎರಡು ನಿಮಿಷ ಕೈಮುಗಿದು ನಿಲ್ಲುವುದು.
ಎರಡನೆಯ ವಾರ: ದೀಪ ಹಚ್ಚಿ, ಒಂದು ಹೂವೋ ಎಲೆಯೋ ಇಡುವುದು.
ಮೂರನೆಯ ವಾರ: ಇದರೊಡನೆ 28 ಸಲ ನಾಮಜಪ.
ನಾಲ್ಕನೆಯ ವಾರ: ಪಂಚೋಪಚಾರ, 108 ಜಪ. ನೈವೇದ್ಯವನ್ನು ಜೊತೆಗಾರರೊಡನೆ ಹಂಚಿಕೊಂಡು ತಿನ್ನುವುದು.

ಇಷ್ಟಕ್ಕೆ ಹದಿನೈದು ನಿಮಿಷ ಸಾಕು. ನಾಲ್ಕನೆಯ ವಾರದ್ದು ಹೊರೆಯೆನಿಸಿದವರು ಮೂರನೆಯ ವಾರದ್ದರಲ್ಲೇ ವರ್ಷವಿಡೀ ನಿಂತರೂ ಅದು ನಿತ್ಯವೇ.