ನಲವತ್ತೈದು ಬಟಾ ಎರಡು

ಲಿಂಗಸುಗೂರಿನ ವಕೀಲರೊಬ್ಬರ ಹಳೆಯ ದಸ್ತಾವೇಜುಗಳನ್ನು ಹುಡುಕಲು ಸಿಂಧನೂರಿನಲ್ಲಿ ಕೂತು ಒಂದು ಸಣ್ಣ ತಂತ್ರಾಂಶ ಬರೆದುಕೊಟ್ಟಿದ್ದೆ. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ಸೀಮೆ ನಿಜಾಮರದು, ಆಡಳಿತವೆಲ್ಲ ಉರ್ದುವಿನಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಆ ಕಾಗದಗಳಿಗೂ ಬೆಲೆ ಬಂತು. ಪ್ರತಿ ಸಾಲಿನಲ್ಲಿ ಊರಿನ ಹೆಸರು ಕನ್ನಡದಲ್ಲಿ, ಪಟ್ಟಾದಾರರ ಹೆಸರು ಮೂಲದಲ್ಲಿದ್ದಂತೆ ಉರ್ದುವಿನಲ್ಲಿ, ಕೊನೆಗೆ ಸರ್ವೆ ನಂಬರು.

ತೆರೆ ನೋಡಿದ ವಕೀಲರು, "ಅಲ್ರೀ, 45 ಬಟಾ 2 ಇದ್ದದ್ದು 2 ಬಟಾ 45 ಹೆಂಗಾತ್ರಿ?" ಅಂದರು. ನಂಬರು ತಿರುಗಿದ್ದಷ್ಟೇ ಅಲ್ಲ, ಹೆಸರನ್ನು ದಾಟಿ ಅದರ ಎಡಕ್ಕೆ ಹೋಗಿ ಕೂತಿತ್ತು. ಕಡತದೊಳಗೆ ಮಾತ್ರ 45-2 ಸರಿಯಾಗಿಯೇ ಇತ್ತು.

ಯೂನಿಕೋಡ್ ಲೆಕ್ಕದಲ್ಲಿ ಕನ್ನಡ ಅಕ್ಷರಕ್ಕೂ ಉರ್ದು ಅಕ್ಷರಕ್ಕೂ ಸ್ವಂತ ದಿಕ್ಕಿದೆ. ಅಂಕಿಗೆ ಅಷ್ಟು ಬಲವಿಲ್ಲ, ಖಾಲಿ ಜಾಗ ತಟಸ್ಥ. ಉರ್ದು ಹೆಸರಿನ ಬೆನ್ನಿಗೇ ಬಂದ ಅಂಕಿ ಆ ಹೆಸರಿನ ಕಡೆಗೇ ಸೇರುತ್ತದೆ. 45 ತಾನು 54 ಆಗುವುದಿಲ್ಲ, ಆದರೆ ನಡುವಿನ ಅಡ್ಡಗೆರೆ ಉರ್ದುವಿನ ದಿಕ್ಕು ಹಿಡಿದು ಎರಡು ತುದಿಗಳನ್ನು ಅದಲುಬದಲು ಮಾಡುತ್ತದೆ. ಓರೆಗೆರೆ ಹಾಕಿ 45/2 ಎಂದು ಬರೆದರೆ ನಂಬರು ಮುರಿಯುವುದಿಲ್ಲ, ಜಾಗ ಮಾತ್ರ ತಪ್ಪುತ್ತದೆ. ತಾರೀಖಿನ ಕಾಟ ಇನ್ನೂ ಸೂಕ್ಷ್ಮ: 17-9-1948 ಹೋಗಿ 1948-9-17 ಆಗುತ್ತದೆ. ಅದೂ ಒಪ್ಪುವ ತಾರೀಖೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ!

ಎರಡು ದಿಕ್ಕಿನ ಬರಹ ನಮ್ಮ ನಾಡಿಗೆ ಹೊಸದೂ ಅಲ್ಲ. 1915ರಲ್ಲಿ ಸಿಕ್ಕ ಮಸ್ಕಿಯ ಅಶೋಕ ಶಾಸನ ಎಡದಿಂದ ಬಲಕ್ಕೆ ಓದುವ ಬ್ರಾಹ್ಮಿಯಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಲಿಪಿಕಾರ ಚಪಡ ಬ್ರಾಹ್ಮಿ ಶಾಸನದ ಕೊನೆಗೆ ತನ್ನ ಕಸುಬಿನ ಹೆಸರನ್ನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೆತ್ತಿದ. ಬಂಡೆಯಲ್ಲಿ ಅಕ್ಷರ ಕೆತ್ತಿದಲ್ಲೇ ಇರುತ್ತದೆ. ಕಂಪ್ಯೂಟರ್ ಇಟ್ಟುಕೊಳ್ಳುವುದು ಓದುವ ಕ್ರಮವನ್ನು ಮಾತ್ರ. ಯಾವುದು ಎಲ್ಲಿ ಕಾಣಬೇಕೆಂದು ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕುತ್ತದೆ. ಹಾಗಾಗಿ ಕಣ್ಣಿಗೆ ಕಂಡದ್ದನ್ನು ನಂಬಿ ದತ್ತಾಂಶ ತಿದ್ದಲು ಹೋದರೆ ಸರಿಯಿದ್ದದ್ದೂ ಕೆಡುತ್ತದೆ.

ಮದ್ದು ಸಣ್ಣದು. ಉರ್ದು ಹೆಸರಿನ ಹಿಂದೆ ಮುಂದೆ ಕಾಣದ ಬೇಲಿ ಹಾಕುವುದು. 2013ರ ಯೂನಿಕೋಡ್ 6.3ರಲ್ಲಿ ಇದಕ್ಕೆಂದೇ ಗುರುತುಗಳು ಬಂದವು: ಸಂಕೇತ ಸಂಖ್ಯೆ 2068ರಿಂದ ತೆರೆದು 2069ರಿಂದ ಮುಚ್ಚಬೇಕು. ವೆಬ್ ಪುಟದಲ್ಲಾದರೆ ಬಿಡಿಐ ಟ್ಯಾಗ್ ಸಾಕು. ಈ ಗುರುತು ತಿಳಿಯದ ಹಳೆಯ ತಂತ್ರಾಂಶಕ್ಕೆ ಹೆಸರಾದ ಕೂಡಲೇ 200ಇ ಎಂಬ ಎಡ-ಬಲ ಗುರುತು ಹಾಕುತ್ತೇನೆ. ಕನ್ನಡ ಸಾಲಿನಲ್ಲಿ ಅದೂ ನಡೆಯುತ್ತದೆ.

ಆದರೆ ಈ ಬೇಲಿಯನ್ನು ತೆರೆಗೆ ಕಳಿಸುವಾಗ ಹಾಕಬೇಕೇ ಹೊರತು ಕಡತದಲ್ಲಿ ಉಳಿಸಬಾರದು. ಉಳಿಸಿದರೆ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರು ಹುಡುಕಾಟದಲ್ಲಿ ಬೇರೆಬೇರೆಯಾಗುತ್ತವೆ. ಒಬ್ಬನೇ ಪಟ್ಟಾದಾರನ ಅರ್ಧ ಜಮೀನು ಪಟ್ಟಿಗೇ ಬರುವುದಿಲ್ಲ.