ಕಾಣೆಯಾದ ಕಿಟಕಿ

ಮನೆಗೆ ಕಿಟಕಿಯನ್ನು ಇಡುವುದು ಗಾಳಿ ಬೆಳಕುಗಳಿಗಾಗಿ. ಗೋಡೆಯಲ್ಲಿ ಒಮ್ಮೆ ಇಟ್ಟ ಕಿಟಕಿ ಆ ಮನೆ ಇರುವವರೆಗೂ ಅಲ್ಲಿಯೇ ಇರುತ್ತದೆ. ಅದು ಇಂದು ಎಡಕ್ಕೂ ನಾಳೆ ಬಲಕ್ಕೂ ಸರಿಯುವುದಿಲ್ಲ. ಒಂದು ಕಿಟಕಿ ಇನ್ನೊಂದನ್ನು ಮರೆಮಾಡುವುದಿಲ್ಲ. ಆದರೆ ಮೇಜಿನ ಮೇಲಿರುವ ಗಣಕಯಂತ್ರದ ಕಿಟಕಿಗಳ ರೀತಿಯೇ ಬೇರೆ. ಆಂಗ್ಲ ಭಾಷೆಯಲ್ಲಿ ‘ವಿಂಡೋ’ ಎಂದು ಕರೆಯಲಾಗುವ ಈ ಚೌಕಟ್ಟುಗಳು ಹಿಗ್ಗುತ್ತವೆ, ಕುಗ್ಗುತ್ತವೆ, ಒಂದರ ಮೇಲೊಂದು ಬಂದು ಕೂರುತ್ತವೆ. ಕೆಲವೊಮ್ಮೆ ಕರೆದರೂ ಬರುವುದಿಲ್ಲ, ಕಳುಹಿಸಿದರೂ ಹೋಗುವುದಿಲ್ಲ. ಆಗ ಅನೇಕರು ಯಂತ್ರವನ್ನು ಬಯ್ಯುತ್ತಾರೆ. ಕೆಲವರು ತಮ್ಮ ಅಜ್ಞಾನವನ್ನು ಹಳಿದುಕೊಂಡು ಎದ್ದುಹೋಗುತ್ತಾರೆ. ಎರಡೂ ಅನಾವಶ್ಯಕ. ಯಂತ್ರಕ್ಕೆ ಹಠವೆಂಬುದಿಲ್ಲ. ಅದರ ಪ್ರತಿಯೊಂದು ನಡೆಗೂ ಕಾರಣವೊಂದಿರುತ್ತದೆ. ಆ ಕಾರಣವನ್ನು ಹುಡುಕುವ ಕ್ರಮವನ್ನು ಕಲಿತವರು ಗಾಬರಿಗೊಳ್ಳಬೇಕಾಗಿಲ್ಲ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಅದೊಂದು ಪ್ರೌಢಶಾಲೆ. ಗಣಕಯಂತ್ರದ ಕೊಠಡಿಯಲ್ಲಿ ಅಧ್ಯಾಪಕಿಯೊಬ್ಬರು ಅರವತ್ತು ಮಕ್ಕಳ ಅಂಕಪಟ್ಟಿಯನ್ನು ಸಿದ್ಧಪಡಿಸಿದ್ದಾರೆ. ಸಹೋದ್ಯೋಗಿಗಳು ಅಂಕಗಳನ್ನು ಓದಿ ಹೇಳಿದರು. ಎಲ್ಲರಿಗೂ ಕಾಣಲೆಂದು ಪಟ್ಟಿಯ ಕಿಟಕಿಯನ್ನು ಪ್ರೊಜೆಕ್ಟರಿನ ಮೂಲಕ ಗೋಡೆಯ ಮೇಲೆ ಮೂಡಿಸಿ, ಅವರು ಒಂದೊಂದಾಗಿ ತುಂಬಿಸಿದರು. ಕೆಲಸ ಮುಗಿಯಿತೆಂದು ಯಾರೋ ಪ್ರೊಜೆಕ್ಟರನ್ನು ಆರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಅಧ್ಯಾಪಕಿ ಮರಳಿ ಬಂದು ಕುಳಿತಾಗ ಪರದೆಯ ಮೇಲೆ ಅಂಕಪಟ್ಟಿ ಇಲ್ಲ! ಕೆಳಗಿನ ಟಾಸ್ಕ್‌ಬಾರಿನಲ್ಲಿ ಅದರ ಗುರುತೇನೋ ಇದೆ; ಎಷ್ಟು ಸಲ ಒತ್ತಿದರೂ ಕಿಟಕಿ ಕಾಣಿಸಿಕೊಳ್ಳುವುದಿಲ್ಲ. ಅಷ್ಟೂ ಅಂಕಗಳನ್ನು ಕಡತದಲ್ಲಿ ಇನ್ನೂ ಉಳಿಸಿರಲಿಲ್ಲವೆಂಬುದು ನೆನಪಾಗಿ ಅವರ ಎದೆ ಧಸಕ್ಕೆಂದಿತು.

“ಒಮ್ಮೆ ಆಫ್ ಮಾಡಿ ಆನ್ ಮಾಡಿಬಿಡಿ ಮೇಡಂ, ಎಲ್ಲವೂ ಸರಿಹೋಗುತ್ತದೆ” ಎಂದರು ಒಬ್ಬ ಸಹೋದ್ಯೋಗಿ. ಅವರ ಕೈ ಸ್ವಿಚ್ಚಿನ ಕಡೆಗೆ ಹೋಗಿಯೂ ಆಗಿತ್ತು.

ಅಲ್ಲಿಯೇ ಪುಸ್ತಕಗಳನ್ನು ಜೋಡಿಸುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೆಲ್ಲನೆ ಕೇಳಿದಳು: “ಮೇಡಂ, ಪಟ್ಟಿಯನ್ನು ಕೊನೆಯ ಸಲ ಎಲ್ಲಿ ನೋಡಿದಿರಿ?”

“ಗೋಡೆಯ ಮೇಲೆ, ಮಗು.”

ಹುಡುಗಿ ಯಂತ್ರದ ಹಿಂಬದಿಗೆ ಬಗ್ಗಿ ನೋಡಿದಳು. ಪ್ರೊಜೆಕ್ಟರ್ ಆರಿತ್ತು; ಆದರೆ ಅದರ ಕೇಬಲ್ ಇನ್ನೂ ಯಂತ್ರಕ್ಕೆ ಚುಚ್ಚಿಕೊಂಡೇ ಇತ್ತು. ಅವಳು ಆಲ್ಟ್ ಕೀಲಿಯನ್ನು ಹಿಡಿದು ಟ್ಯಾಬ್ ಕೀಲಿಯನ್ನು ಒತ್ತಿದಳು. ತೆರೆದಿದ್ದ ಕಿಟಕಿಗಳ ಚಿಕ್ಕ ಚಿತ್ರಗಳು ಸಾಲಾಗಿ ಮೂಡಿದವು; ಅವುಗಳ ನಡುವೆ ಅಂಕಪಟ್ಟಿಯೂ ಇತ್ತು. ಅದನ್ನು ಆರಿಸಿ, ಆಲ್ಟ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬಳಿಕ ಎಂ ಅಕ್ಷರವನ್ನೂ ಒಂದು ಬಾಣದ ಕೀಲಿಯನ್ನೂ ಒತ್ತಿ, ಮೌಸನ್ನು ಸರಿಸಿದಳು. ಮರೆಯಾಗಿದ್ದ ಕಿಟಕಿ ಮೌಸಿನ ಬಾಣಕ್ಕೆ ಅಂಟಿಕೊಂಡು ಪರದೆಯೊಳಗೆ ಬಂದಿತು. ಅರವತ್ತು ಮಕ್ಕಳ ಅಂಕಗಳೂ ಇದ್ದಂತೆಯೇ ಇದ್ದವು. ಅಧ್ಯಾಪಕಿ ಮೊದಲು ಮಾಡಿದ ಕೆಲಸವೆಂದರೆ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒತ್ತಿ ಕಡತವನ್ನು ಉಳಿಸಿದ್ದು.

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರೆಂಬ ಗಾದೆಯಿದೆ. ಇಲ್ಲಿಯೂ ಕಳೆದುಹೋದದ್ದು ಏನೂ ಇರಲಿಲ್ಲ. ಸ್ವಿಚ್ಚನ್ನು ಆರಿಸಿದ್ದರೆ ಮಾತ್ರ ಇದ್ದದ್ದೂ ಕಳೆದುಹೋಗುವ ಸಂಭವವಿತ್ತು. ಹುಡುಗಿಯ ಜಾಣತನ ಅವಳು ಒತ್ತಿದ ಕೀಲಿಗಳಲ್ಲಿ ಇರಲಿಲ್ಲ; ಅವಳು ಕೇಳಿದ ಪ್ರಶ್ನೆಯಲ್ಲಿತ್ತು.

ಆ ಕಿಟಕಿ ಎಲ್ಲಿಗೆ ಹೋಗಿತ್ತು? ಗಣಕಯಂತ್ರವು ಪರದೆಯನ್ನು ಗೆರೆಯೆಳೆದ ಲೆಕ್ಕದ ಹಾಳೆಯಂತೆ ಭಾವಿಸುತ್ತದೆ. ಮೇಲಿನ ಎಡ ಮೂಲೆಯೇ ಎಣಿಕೆಯ ಆರಂಭ. ಸಾಮಾನ್ಯವಾದ ಒಂದು ಪರದೆಯಲ್ಲಿ ಅಡ್ಡಲಾಗಿ 1920, ನೆಟ್ಟಗೆ 1080 ಚುಕ್ಕೆಗಳಿರುತ್ತವೆ. ಈ ಚುಕ್ಕೆಗಳಿಗೆ ಪಿಕ್ಸೆಲ್ ಎಂದು ಹೆಸರು. ಪ್ರತಿಯೊಂದು ಕಿಟಕಿಯ ಸ್ಥಾನ, ಅಗಲ, ಎತ್ತರಗಳನ್ನು ಯಂತ್ರವು ಅಂಕೆಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಬಲಗಡೆಗೆ ಎರಡನೆಯ ಪರದೆಯನ್ನು ಸೇರಿಸಿದರೆ ಮೊದಲನೆಯದು ಮುಗಿದಲ್ಲಿಂದ ಅದರ ಎಣಿಕೆ ಮುಂದುವರಿಯುತ್ತದೆ. 2300ನೆಯ ಚುಕ್ಕೆಯಲ್ಲಿರುವ ಕಿಟಕಿ ಎರಡನೆಯ ಪರದೆಯಲ್ಲಿದೆ ಎಂದೇ ಅರ್ಥ. ಪ್ರೊಜೆಕ್ಟರಿನ ದೀಪ ಆರಿದ್ದರೂ ಕೇಬಲ್ ಜೋಡಣೆಯಲ್ಲಿದ್ದುದರಿಂದ ಎರಡನೆಯ ಪರದೆ ಇನ್ನೂ ಇದೆಯೆಂದು ಯಂತ್ರವು ನಂಬಿತ್ತು. ಅದರ ಲೆಕ್ಕದಲ್ಲಿ ಕಿಟಕಿ ಸರಿಯಾದ ಸ್ಥಳದಲ್ಲಿಯೇ ಇತ್ತು; ನೋಡುವವರ ಕಣ್ಣಿಗೆ ಮಾತ್ರ ಕಾಣುತ್ತಿರಲಿಲ್ಲ. ಕೇಬಲ್ಲನ್ನು ಕಳಚಿದ್ದರೂ ಆ ಕಿಟಕಿ ಸಾಮಾನ್ಯವಾಗಿ ಹಿಂದಿರುಗುತ್ತಿತ್ತು.

ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಈ ವಿದ್ಯೆ ಒಬ್ಬರಿಂದ ಒಂದೇ ದಿನದಲ್ಲಿ ಬಂದುದಲ್ಲ. 1968ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿ, ಮೌಸನ್ನು ಹಿಡಿದು ಪರದೆಯ ಮೇಲಿನ ಬರಹವನ್ನು ತಿದ್ದುವ ಬಗೆಯನ್ನು ಸಭೆಯ ಮುಂದೆ ತೋರಿಸಿದರು. 1970ರ ದಶಕದಲ್ಲಿ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ ಮತ್ತು ಅವರ ಸಂಗಡಿಗರು, ಮೇಜಿನ ಮೇಲೆ ಹರಡಿದ ಕಾಗದಗಳಂತೆ ಒಂದರ ಮೇಲೊಂದು ಕೂರುವ ಕಿಟಕಿಗಳನ್ನು ರೂಪಿಸಿದರು. 1979ರಲ್ಲಿ ಆ ಕೇಂದ್ರಕ್ಕೆ ಭೇಟಿ ಕೊಟ್ಟ ಆ್ಯಪಲ್ ಸಂಸ್ಥೆಯ ಬಿಲ್ ಅಟ್ಕಿನ್ಸನ್, ಅರ್ಧ ಮರೆಯಾದ ಕಿಟಕಿಯ ಕಾಣುವ ಭಾಗವನ್ನು ಮಾತ್ರ ತಾನಾಗಿಯೇ ಚಿತ್ರಿಸುವ ಉಪಾಯ ಅಲ್ಲಿಯವರಿಗೆ ತಿಳಿದಿದೆಯೆಂದು ಭಾವಿಸಿದರು. ವಾಸ್ತವವಾಗಿ ಅದು ಅಲ್ಲಿ ಇರಲೇ ಇಲ್ಲ. ಇದೆಯೆಂಬ ನಂಬಿಕೆಯಿಂದಲೇ ಅವರು ಹಟ ಹಿಡಿದು ದುಡಿದು ಆ ಉಪಾಯವನ್ನು ತಾವೇ ಕಂಡುಹಿಡಿದರು. ಮುಂದೆ ಅವರು ಭೀಕರವಾದ ಕಾರು ಅಪಘಾತಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದಾಗ, ನೋಡಲು ಬಂದ ಸ್ಟೀವ್ ಜಾಬ್ಸ್ ಅವರಿಗೆ, ಆ ಉಪಾಯ ತಮಗೆ ಇನ್ನೂ ನೆನಪಿದೆ, ಚಿಂತೆ ಬೇಡವೆಂದು ಹೇಳಿದರಂತೆ. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ವ್ಯವಸ್ಥೆ ಮೊದಲು ಬಂದದ್ದು 1985ರಲ್ಲಿ. ಅದರಲ್ಲಿ ಕಿಟಕಿಗಳು ನೆಲದ ಹಾಸುಗಲ್ಲುಗಳಂತೆ ಅಕ್ಕಪಕ್ಕದಲ್ಲಿ ಮಾತ್ರ ಇರುತ್ತಿದ್ದವು; ಒಂದನ್ನೊಂದು ಮುಚ್ಚುವ ಕಿಟಕಿಗಳು ಬಂದದ್ದು 1987ರ ಎರಡನೆಯ ಆವೃತ್ತಿಯಲ್ಲಿ.

ಒಂದರ ಮೇಲೊಂದು ಕೂರುವ ಅನುಕೂಲದೊಡನೆ ಹೊಸ ತೊಡಕುಗಳೂ ಬಂದವು. ಕೆಲಸ ಮಾಡುತ್ತಿರುವಾಗ ಕಿಟಕಿಯೊಂದು ಇದ್ದಕ್ಕಿದ್ದಂತೆ ಯಾವ ಒತ್ತಿಗೂ ಉತ್ತರಿಸದೆ, ಒತ್ತಿದಾಗಲೆಲ್ಲ ‘ಟಣ್’ ಎಂಬ ಸದ್ದನ್ನು ಮಾತ್ರ ಮಾಡುವುದುಂಟು. ಯಂತ್ರವು ಕೆಟ್ಟಿತೆಂದು ತಿಳಿಯುವವರೇ ಹೆಚ್ಚು. ಆದರೆ ‘ಕಡತವನ್ನು ಉಳಿಸಬೇಕೇ?’ ಎಂಬಂತಹ ಪ್ರಶ್ನೆಯೊಂದನ್ನು ಹೊತ್ತ ಚಿಕ್ಕ ಕಿಟಕಿ ದೊಡ್ಡದರ ಹಿಂದೆ ಅಡಗಿ, ಉತ್ತರಕ್ಕಾಗಿ ಕಾಯುತ್ತಿರಬಹುದು. ಉತ್ತರ ದೊರೆಯುವವರೆಗೆ ದೊಡ್ಡ ಕಿಟಕಿ ಮುಂದುವರಿಯಲಾರದು. ಆಲ್ಟ್ ಮತ್ತು ಟ್ಯಾಬ್ ಕೀಲಿಗಳಿಂದ ಅದನ್ನು ಮುಂದಕ್ಕೆ ತಂದು ಉತ್ತರಿಸಿದರೆ ಸಾಕು.

ಇನ್ನೊಮ್ಮೆ ಕಿಟಕಿಯೇ ಬಿಳಿಚಿಕೊಂಡು, ತಲೆಪಟ್ಟಿಯಲ್ಲಿ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬರ್ಥದ ಮಾತು ಮೂಡುತ್ತದೆ. ಅಂಚೆ ಕಚೇರಿಯಲ್ಲಿ ಜನರು ಸಾಲಿನಲ್ಲಿ ನಿಲ್ಲುವಂತೆ, ಮೌಸಿನ ಪ್ರತಿಯೊಂದು ಒತ್ತು, ಕೀಲಿಯ ಪ್ರತಿಯೊಂದು ತಟ್ಟು ಸಂದೇಶವಾಗಿ ತಂತ್ರಾಂಶದ ಮುಂದೆ ಸಾಲುಗಟ್ಟುತ್ತದೆ. ತಂತ್ರಾಂಶವು ಒಂದೊಂದನ್ನೇ ತೆಗೆದುಕೊಂಡು ಕೆಲಸ ಮಾಡುತ್ತದೆ. ಅದು ಸುಮಾರು 5 ಸೆಕೆಂಡುಗಳ ಕಾಲ ಯಾವ ಸಂದೇಶವನ್ನೂ ತೆಗೆದುಕೊಳ್ಳದಿದ್ದರೆ ವಿಂಡೋಸ್ ವ್ಯವಸ್ಥೆಯು ಆ ಕಿಟಕಿ ಸ್ತಬ್ಧವಾಗಿದೆಯೆಂದು ಪರಿಗಣಿಸುತ್ತದೆ. ಗುಮಾಸ್ತರು ದೊಡ್ಡ ಲೆಕ್ಕವೊಂದರಲ್ಲಿ ಮುಳುಗಿರುವಾಗ ಕಿಂಡಿಯನ್ನು ಮತ್ತೆ ಮತ್ತೆ ತಟ್ಟಿದರೆ ಕೆಲಸ ಬೇಗ ಮುಗಿಯದು. ಆದ್ದರಿಂದ ಮೊದಲು ಕೆಲವು ನಿಮಿಷ ಕಾಯುವುದು ವಿವೇಕ. ಕಾದರೂ ಫಲವಿಲ್ಲದಿದ್ದರೆ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರನ್ನು ತೆರೆದು, ಆ ಒಂದು ತಂತ್ರಾಂಶವನ್ನು ಮಾತ್ರ ನಿಲ್ಲಿಸಬಹುದು. ಅದರಲ್ಲಿ ಉಳಿಸದಿದ್ದ ಬರಹ ಹೋಗಬಹುದು. ಉಳಿದ ಕಿಟಕಿಗಳಲ್ಲಿನ ಕೆಲಸ ಸುರಕ್ಷಿತವಾಗಿರುತ್ತದೆ.

ಕನ್ನಡದಲ್ಲಿ ಬೆರಳಚ್ಚು ಮಾಡುವವರು ಎದುರಿಸುವ ತೊಡಕು ಇನ್ನೊಂದಿದೆ. ಒಂದು ಕಿಟಕಿಯಲ್ಲಿ ಕನ್ನಡ ಸರಾಗವಾಗಿ ಮೂಡುತ್ತದೆ. ಪಕ್ಕದ ಕಿಟಕಿಗೆ ಹೋದೊಡನೆ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಕೀಲಿಮಣೆ ಕೆಟ್ಟಿರುವುದಿಲ್ಲ. ಪ್ರತಿಯೊಂದು ಕಿಟಕಿಗೂ ಬೇರೆ ಬೇರೆ ಭಾಷೆಯನ್ನು ನೆನಪಿಟ್ಟುಕೊಳ್ಳುವ ಏರ್ಪಾಡು ವಿಂಡೋಸ್ ವ್ಯವಸ್ಥೆಯಲ್ಲಿದೆ. ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆದುಹಾಕಿದರೆ ಎಲ್ಲ ಕಿಟಕಿಗಳಲ್ಲಿಯೂ ಒಂದೇ ಭಾಷೆ ನಿಲ್ಲುತ್ತದೆ.

ಪರದೆಯೇ ಮಿಣುಕತೊಡಗಿದಾಗ ಅನುಸರಿಸುವ ಪರೀಕ್ಷೆ ಎಲ್ಲಕ್ಕಿಂತಲೂ ಬೋಧಪ್ರದವಾದುದು. ದೋಷವು ಯಾವುದೋ ಒಂದು ತಂತ್ರಾಂಶದಲ್ಲಿ ಇರಬಹುದು. ಇಲ್ಲವೇ ಚಿತ್ರಗಳನ್ನು ಪರದೆಗೆ ಕಳುಹಿಸುವ ‘ಡ್ರೈವರ್’ ಎಂಬ ಭಾಗದಲ್ಲಿ ಇರಬಹುದು. ಎರಡರಲ್ಲಿ ಯಾವುದೆಂದು ತಿಳಿಯಲು ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಬೇಕು. ಉಳಿದುದೆಲ್ಲದರೊಡನೆ ಅದೂ ಮಿಣುಕಿದರೆ ಡ್ರೈವರಿನ ದೋಷವಿರುವ ಸಂಭವ ಹೆಚ್ಚು. ಅದೊಂದು ಸ್ಥಿರವಾಗಿದ್ದು ಉಳಿದುದು ಮಿಣುಕಿದರೆ ತಂತ್ರಾಂಶದ ದೋಷವಿರುವ ಸಂಭವ ಹೆಚ್ಚು. ಒಂದೇ ಒಂದು ನೋಟದಿಂದ ಹುಡುಕಬೇಕಾದ ಸ್ಥಳ ಅರ್ಧಕ್ಕೆ ಇಳಿಯಿತು! ವೈದ್ಯರು ಔಷಧಿ ಕೊಡುವ ಮೊದಲು ನಾಡಿ ಹಿಡಿದು, ಜ್ವರ ಎಂದಿನಿಂದ ಎಂದು ವಿಚಾರಿಸುವುದೂ ಇದೇ ಉದ್ದೇಶದಿಂದ.

ಇವೆಲ್ಲವನ್ನೂ ಕಂಠಪಾಠ ಮಾಡಬೇಕಾಗಿಲ್ಲ. ಕೀಲಿಗಳು ಬದಲಾಗಬಹುದು, ವ್ಯವಸ್ಥೆಗಳು ಬದಲಾಗಬಹುದು. ಹುಡುಕುವ ಕ್ರಮ ಬದಲಾಗುವುದಿಲ್ಲ. ಮೊದಲು ಕೈಕಟ್ಟಿ ನೋಡಬೇಕು: ಆಗುತ್ತಿರುವುದು ನಿಜವಾಗಿ ಏನು? ಆಮೇಲೆ ಕೇಳಬೇಕು: ಸರಿಯಾಗಿದ್ದ ಸಮಯಕ್ಕೂ ಈಗಿಗೂ ನಡುವೆ ಬದಲಾದುದು ಏನು? ಬಳಿಕ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಒಮ್ಮೆಗೇ ನಾಲ್ಕನ್ನು ಬದಲಿಸಿದವನಿಗೆ, ತೊಂದರೆ ನೀಗಿದರೂ ಯಾವುದರಿಂದ ನೀಗಿತೆಂಬುದು ತಿಳಿಯುವುದಿಲ್ಲ. ಹಾನಿ ಮಾಡದ ಉಪಾಯ ಮೊದಲು. ಹಾನಿ ಮಾಡಬಹುದಾದುದು ಕೊನೆಗೆ. ಯಂತ್ರವನ್ನು ಆರಿಸಿ ಹಚ್ಚುವುದೂ ಒಂದು ಉಪಾಯವೇ; ಆದರೆ ಅದು ತೊಂದರೆಯೊಡನೆ ಅದರ ಕಾರಣವನ್ನೂ ಅಳಿಸಿಹಾಕುತ್ತದೆ. ಕಾರಣ ತಿಳಿಯದೆ ನೀಗಿದ ತೊಂದರೆ ಮತ್ತೊಂದು ದಿನ ಮತ್ತೆ ಬಾಗಿಲು ತಟ್ಟುತ್ತದೆ.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದಾರೆ. ಸ್ವಿಚ್ಚಿನ ಕಡೆಗೆ ಹೋದ ಕೈಯಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆತುರ ಮಾತ್ರ ಇತ್ತು. ಆ ಕೈಯನ್ನು ತಡೆದು ಅರವತ್ತು ಮಕ್ಕಳ ಅಂಕಗಳನ್ನು ಉಳಿಸಿದ್ದು ಒಂದು ಸರಳವಾದ ಪ್ರಶ್ನೆ. ‘ಕೊನೆಯ ಸಲ ಎಲ್ಲಿ ನೋಡಿದಿರಿ?’ ಎಂದು ಶಾಂತವಾಗಿ ಕೇಳಬಲ್ಲವರಿಗೆ ಗಣಕಯಂತ್ರದ ಮುಂದೆ ಮಾತ್ರವಲ್ಲ, ಜೀವನದ ಅನೇಕ ತೊಡಕುಗಳ ಮುಂದೆಯೂ ದಾರಿ ಕಾಣುತ್ತದೆ.