ಏರಿಯೇ ದಾರಿ

ಬೇಗೂರಿನ ವೀರಗಲ್ಲನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ನೋಡಬಹುದು. ಗಂಗ ಎರೆಯಪ್ಪನ ಕಡೆಯ ನಾಗತ್ತರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ, ಆನೆಗಳಿಗೆ ಎದೆಗೊಟ್ಟು ಸತ್ತ. ಈ ವೀರಮಹೇಂದ್ರ ನೊಳಂಬ ಮಹೇಂದ್ರನೇ ಎಂಬುದು ಹಲವು ವಿದ್ವಾಂಸರ ಮತ. ಕಲ್ಲಿನಲ್ಲಿ ಆನೆ ಇದೆ, ಕುದುರೆ ಇದೆ, ಕಾಲಾಳುಗಳಿದ್ದಾರೆ. ನೆಲ ಎಂಥದು ಎಂಬ ಸುದ್ದಿಯೇ ಇಲ್ಲ. ಕೆರೆ ಇತ್ತೇ, ಗುಡ್ಡ ಇತ್ತೇ, ಸೈನ್ಯ ಯಾವ ದಾರಿ ಹಿಡಿದು ಬಂತು? ಆ ಕಾಳಗವನ್ನು ಮೇಜಿನ ಮೇಲೆ ಆಡಲು ಕೂತವನಿಗೆ ಮೊದಲು ಬೇಕಾದದ್ದು ಇದೇ.

ನಾವು ಅಗಳಿಯವರು. ಆಂಧ್ರದ ಮಡಕಶಿರಾ ಸೀಮೆ; ಹಿಂದೆ ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಮನೆಮಾತು ಕನ್ನಡ, ಏನು ಬೇಕಾದರೂ ಓಡುವುದು ಶಿರಾಕ್ಕೆ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಈಗಿನ ಹೇಮಾವತಿ, ಪಕ್ಕದ ಅಮರಾಪುರ ಮಂಡಲದಲ್ಲೇ ಇದೆ. ಹಾಗಾಗಿ ನಾನೂ ಅಕ್ಕನ ಮಗನೂ 15 ಮಿಲಿಮೀಟರ್ ಅಳತೆಯ ಗೊಂಬೆಗಳಿಗೆ ಬಣ್ಣ ಬಳಿದು ಎದುರುಬದುರು ನಿಲ್ಲಿಸಿದಾಗ ನೊಳಂಬರ ಪಕ್ಷ ನನಗೇ ಬಂತು.

ನಾವು ಹಿಡಿದದ್ದು ಇಂಗ್ಲೆಂಡಿನ ಫಿಲ್ ಬಾರ್ಕರ್ ಮತ್ತು ಸಂಗಡಿಗರು 1990ರಲ್ಲಿ ಹೊರತಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ನಿಯಮಗಳನ್ನು. ಆಡುವವರು ಚಿಕ್ಕದಾಗಿ ಡಿಬಿಎ ಅನ್ನುತ್ತಾರೆ. ಒಂದೊಂದು ಕಡೆಗೆ 12 ತುಕಡಿ, ಎರಡಡಿ ಚೌಕದ ನೆಲ. ದಂಡೆತ್ತಿ ಬರುವವರು ಯಾರು, ಕಾಯುವವರು ಯಾರು ಎಂಬುದು ದಾಳದಿಂದ ಇತ್ಯರ್ಥ. ಕಾಯುವವನು ತನ್ನ ಸೀಮೆಯ ಗುಡ್ಡ, ಕಾಡು, ಹೊಲ, ದಾರಿಗಳನ್ನು ಹಾಕುತ್ತಾನೆ, ಆದರೆ ಮನಸ್ಸಿಗೆ ಬಂದ ಕಡೆಯಲ್ಲ. ಮೂರನೇ ಆವೃತ್ತಿಯ ಪ್ರಕಾರ ನೆಲವನ್ನು ನಾಲ್ಕು ಪಾಲು ಮಾಡಿ ದಾಳ ಹಾಕಬೇಕು. 1ರಿಂದ 4ರವರೆಗೆ ಬಿದ್ದರೆ ಆ ಪಾಲಿನಲ್ಲಿ. 5 ಬಿದ್ದರೆ ಹಾಕುವವನ ಇಷ್ಟ. 6 ಬಿದ್ದರೆ ಎದುರಾಳಿಯ ಇಷ್ಟ. ಯಾರು ಯಾವ ಅಂಚಿಗೆ ಎಂಬುದು ಎಲ್ಲ ಹಾಕಿ ಮುಗಿದ ಮೇಲೆಯೇ ತಿಳಿಯುವುದು. ನನಗೆಂದು ಆಸೆಪಟ್ಟು ಇಟ್ಟ ಗುಡ್ಡದ ಮೇಲೆ ಗಂಗರ ಬಿಲ್ಲಾಳುಗಳು ಹತ್ತಿ ಕೂತದ್ದುಂಟು. ಅಂದಿನಿಂದ ಎರಡು ಕಡೆಗೂ ಒದಗುವ ಹಾಗೆ, ನಡುವಿಗೆ ಹತ್ತಿರವಾಗಿಯೇ ಇಡುತ್ತೇನೆ.

ದಾರಿಯ ವಿಷಯಕ್ಕೆ ಬಂದರೆ, ಅದು ನಡುವೆ ಹುಟ್ಟಿ ನಡುವೆ ಸಾಯುವಂತಿಲ್ಲ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಮುಟ್ಟಲೇಬೇಕು. ನನ್ನ ಅಳಿಯ ಮೊದಮೊದಲು ಖಾಕಿ ಬಟ್ಟೆಯ ಪಟ್ಟಿಯನ್ನು ಸ್ಕೇಲಿಟ್ಟ ಹಾಗೆ ಎಳೆಯುತ್ತಿದ್ದ. ನಾನು ಬಳಸಿಕೊಂಡು ಹೋದರೆ, “ಅದ್ಯಾಕ್ ಮಾವ, ದಾರಿ ಸುಮ್ಕೆ ಹಿಂಗೆ ಸುತ್ತಾಕ್ಕಂಡ್ ಹೋಗ್ತೈತೆ?” ಅಂದ. “ಗದ್ದೆ ಒಳಕ್ಕೆ ಯಾವೋನ್ ಗಾಡಿ ಹೊಡೀತಾನಪ್ಪ?” ಅಂದೆ. ನಮ್ಮ ಕಡೆ ಹಳೇ ದಾರಿ ಕೆರೆ ಏರಿ ಹಿಡಿಯುತ್ತದೆ, ಕೋಡಿ ಹತ್ತಿರ ಇಳಿಯುತ್ತದೆ, ಬಂಡೆಗುಂಡು ಬಿಟ್ಟು ಹಳ್ಳ ದಾಟುತ್ತದೆ. ಹಾಗೆ ಹಾಕಿದ ಮೇಲೆ ಆಟದ ಬಣ್ಣವೇ ಬದಲಾಯಿತು. ದಾರಿ ಹಿಡಿದ ಸೈನ್ಯ ಬೇಗ ಸಾಗುತ್ತದೆ ನಿಜ, ಆದರೆ ಒಂದೇ ಸಾಲಿನಲ್ಲಿ. ಏರಿಯ ಮೇಲೆ ಎದುರಿಗೆ ಆನೆ ನಿಂತರೆ ಹಿಂದಿನ ತುಕಡಿಗಳೆಲ್ಲ ಸುಮ್ಮನೆ ಸರತಿಯಲ್ಲಿ ನಿಲ್ಲಬೇಕು. ಒಂದು ಕಡೆ ನೀರು, ಇನ್ನೊಂದು ಕಡೆ ಕೆಸರುಗದ್ದೆ.

ಉತ್ತ ಹೊಲಕ್ಕೆ ಪುಸ್ತಕದಲ್ಲಿ ಒಂದು ಸೊಗಸಾದ ನಿಯಮವಿದೆ. ದಂಡೆತ್ತಿ ಬಂದವನ ಮೊದಲ ದಾಳ 1 ಬಿದ್ದರೆ ಈಚೆಗೆ ಮಳೆಯಾಗಿದೆ ಎಂದು ಲೆಕ್ಕ, ಹೊಲವೆಲ್ಲ ಒರಟುನೆಲ. ಇಲ್ಲದಿದ್ದರೆ ಗಟ್ಟಿನೆಲ. ರಾಗಿ ಹೊಲಕ್ಕೆ ಇದು ಸರಿಹೋಗುತ್ತದೆ. ತೂಬಿನ ಕೆಳಗಿನ ಗದ್ದೆಗೆ ಹೋಗದು. ಅಲ್ಲಿ ಕೆಸರಾಗಲು ಮಳೆಯೇ ಬರಬೇಕೆಂದಿಲ್ಲ, ನೀರಗಂಟಿ ತೂಬು ಎತ್ತಿದರೆ ಸಾಕು. ಆದ್ದರಿಂದ ಏರಿಗೆ ತಗುಲಿದ ಗದ್ದೆಯನ್ನು ಜೌಗುನೆಲವೆಂದೇ ಎಣಿಸುವುದೆಂದು ಆಟಕ್ಕೆ ಮೊದಲೇ ಮಾತಾಡಿಕೊಳ್ಳುತ್ತೇವೆ. ಹೊಳೆಯ ನಿಯಮವನ್ನು ಮಾತ್ರ ಮುಟ್ಟಲಿಲ್ಲ. ದಾರಿ ಬಿಟ್ಟು ಮೊದಲ ತುಕಡಿ ಹೊಳೆಗಿಳಿಯುವ ತನಕ ನೀರೆಷ್ಟಿದೆ ಯಾರಿಗೂ ಗೊತ್ತಿಲ್ಲ. ಆಗ ದಾಳ ಹಾಕಬೇಕು, 1 ಅಥವಾ 2 ಬಿದ್ದರೆ ಅಡ್ಡಿಯೇ ಇಲ್ಲ. ವರ್ಷದ ಬಹುಕಾಲ ಬರೀ ಮರಳು ತೋರಿಸುವ ಸುವರ್ಣಮುಖಿಯನ್ನು ಕಂಡೇ ಬರೆದಂತಿದೆ.

ಸಾಮಾನಿಗೆ ದೊಡ್ಡ ಖರ್ಚಿಲ್ಲ. ಬಂಡೆಗುಂಡಿಗೆ ರಸ್ತೆ ಕೆಲಸದ ಜಲ್ಲಿ. ಏರಿಗೆ ಸವೆದ ಹವಾಯಿ ಚಪ್ಪಲಿಯ ಅಟ್ಟೆ: ಉದ್ದಕ್ಕೆ ಸೀಳಿ, ಎರಡೂ ಮಗ್ಗುಲನ್ನು ಬ್ಲೇಡಿನಿಂದ ಇಳಿಜಾರಾಗಿ ಹೆರೆದು, ಫೆವಿಕಾಲ್ ಹಚ್ಚಿ ಜರಡಿ ಹಿಡಿದ ಕೆಮ್ಮಣ್ಣು ಉದುರಿಸಿದರೆ ಆಯಿತು. ನೆತ್ತಿಯ ಅಗಲ ಮಾತ್ರ ಸರಿಯಾಗಿ 40 ಮಿಲಿಮೀಟರ್ ಇರಬೇಕು, ಒಂದು ತುಕಡಿಯ ಹಲಗೆ ಕೂರುವಷ್ಟು.

ಗಿಡಗಳದ್ದೇ ಕಷ್ಟ. ಬಸ್ಸಿನ ಕಿಟಕಿಯಲ್ಲಿ ಕಾಣುವ ಮಡಕಶಿರಾ ಸೀಮೆಯನ್ನು ಹಾಗೇ ಇಳಿಸಿದರೆ ಕೆಟ್ಟಿತು. ಬಳ್ಳಾರಿ ಜಾಲಿ, ನೀಲಗಿರಿ, ಪಾಪಾಸುಕಳ್ಳಿ, ಕಡ್ಲೆಕಾಯಿ ಬೆಳೆ, ಯಾವುದನ್ನೂ ನೊಳಂಬರು ಕಂಡವರಲ್ಲ. ಎಲ್ಲ ಆಮೇಲೆ ಹೊರದೇಶದಿಂದ ಬಂದವು. ಅವನ್ನು ಕಿತ್ತರೆ ಮೇಜು ಬೋಳು. ಹಾಗೆಂದು ಭಾರತದ ಸೈನ್ಯವೆಂದ ಕೂಡಲೇ ದಟ್ಟ ಮಳೆಕಾಡು ಇಡುವ ಆಟಗಾರರ ಚಾಳಿಯೂ ನನಗೆ ಹಿಡಿಸದು. ಬಯಲುಸೀಮೆಯ ಕಾಡು ಅಂದರೆ ಕುರುಚಲು. ಹುಣಸೆ, ಹೊಂಗೆ, ಆಲ, ಕೆರೆಯಂಚಿಗೆ ಈಚಲು, ಇಷ್ಟರಲ್ಲೇ ಮುಗಿಸುತ್ತೇವೆ.

ಒಂದು ತಕರಾರು ಮಾತ್ರ ಉಳಿದಿದೆ. ಎತ್ತರದಲ್ಲಿ ನಿಂತು ಕಾದುವವನಿಗೆ ನಿಯಮ ಒಂದು ಅಂಕ ಹೆಚ್ಚು ಕೊಡುತ್ತದೆ. ಏರಿ ಮೇಲಿನ ತುಕಡಿಗೆ ಅದು ಸಲ್ಲಬೇಕೇ? ಸಲ್ಲಬೇಕು ಅನ್ನುತ್ತಾನೆ ಅಳಿಯ. ಕೆಳಗಿನ ಗದ್ದೆಯಿಂದ ಹತ್ತಿ ಬರುವವನ ಮೇಲಾದರೆ ಸರಿ, ಏರಿಯುದ್ದಕ್ಕೂ ಎದುರು ಬರುವವನ ಮೇಲೆ ಅಲ್ಲ ಅನ್ನುತ್ತೇನೆ ನಾನು. ಸದ್ಯಕ್ಕೆ ಪ್ರತಿ ಆಟಕ್ಕೂ ಮುಂಚೆ ನಾಣ್ಯ ಹಾರಿಸುತ್ತಿದ್ದೇವೆ.